ಒಂದು ಹನಿಯೂ ಕುಡಿಯದ ಗಾಡಿ

ಬೆಳಗಿನ ಐದು ಗಂಟೆಗೆ, ಮನೆಮಂದಿ ಇನ್ನೊಂದು ಮಗ್ಗುಲಿಗೆ ಹೊರಳುವ ಹೊತ್ತಿಗೆ, ತಾತ ಬಕೆಟ್ಟು ಹಿಡಿದು ಮನೆಯ ಮುಂದಕ್ಕೆ ಬರುತ್ತಿದ್ದ. ವ್ಯಾನು ತೊಳೆಯುವುದು ಅವನ ಪಾಲಿನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವನು ಅವನೇ. ಮೂರು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಇನ್ನು ಸಾಕು ಅಂದ ಮೇಲೆ ಸ್ಟೇರಿಂಗು ಸೊಸೆಯ ಕೈಗೆ ಹೋಯಿತು, ಬಕೆಟ್ಟು ಅವನ ಕೈಗೆ ಬಂತು. ಬೀದಿಯವರು ಮಾತ್ರ ಇವತ್ತಿಗೂ ಅವನನ್ನು ಸ್ಟೇರಿಂಗ್ ತಾತ ಅಂತಲೇ ಕರೆಯುತ್ತಾರೆ. ಬಕೆಟ್ ತಾತ ಅನ್ನುವಷ್ಟು ಕೆಟ್ಟವರು ಆ ಬೀದಿಯಲ್ಲಿ ಯಾರೂ ಇಲ್ಲ.

ತೊಳೆಯುವುದಕ್ಕೆ ಬಕೆಟ್ಟು ಸಾಕು. ಆದರೆ ಆರು ವಾರದಿಂದ ತಾತ ಬಕೆಟ್ಟಿನ ಮರೆಯಲ್ಲಿ ಒಂದು ಕ್ಯಾನನ್ನೂ ತರುತ್ತಿದ್ದ. ಬಾನೆಟ್ಟು ಎತ್ತಿ, ತಣ್ಣಗಾಗಿದ್ದ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಮನೆಯ ಕಿಟಕಿಯ ಕಡೆ ಒಂದು ಕಣ್ಣಿಟ್ಟು ನೀರು ಸುರಿಯುತ್ತಿದ್ದ. ಮೊದಮೊದಲು ಒಂದು ಲೋಟ ಹಿಡಿಯುತ್ತಿತ್ತು, ಆಮೇಲೆ ಒಂದು ಚೊಂಬು. ಈಗ ಎರಡು ಲೀಟರಿನ ಕ್ಯಾನನ್ನು ಗಟಗಟ ಕುಡಿದೂ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಸುರಿದಾದ ಮೇಲೆ ಇಂಜಿನ್ನು ಚಾಲೂ ಮಾಡಿ ಹತ್ತು ನಿಮಿಷ ಬಿಡುತ್ತಿದ್ದ. ಹಿಂದಿನ ಕೊಳವೆಯಿಂದ ದಟ್ಟವಾಗಿ ಬಿಳಿ ಹೊಗೆ ಏಳುತ್ತಿತ್ತು. ಸೊಸೆ ಏಳುವುದರೊಳಗೆ ಆ ಹೊಗೆ ನಿಂತಿರಬೇಕು, ಅದಕ್ಕೇ ಈ ಪೂಜೆಯೆಲ್ಲ.

ಆ ಹೊಗೆಯ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಕೆಳಗೆ, ನೀರು ಒಳನುಗ್ಗದಂತೆ ತಡೆಯುವ ಗ್ಯಾಸ್ಕೆಟ್ಟು ಎಲ್ಲೋ ಸುಟ್ಟಿದೆ. ನೀರು ಹೊರಗೆ ಸೋರದೆ ಒಳಗೇ ಉರಿದು ಹೋಗುತ್ತಿದೆ. ಗೊತ್ತಿದ್ದೂ ತಾತ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಮಗ ಮಾರನೆಯ ದಿನವೇ ಗಾಡಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುತ್ತಾನೆ. ಗಾಡಿ ಹೋದರೆ ಬಕೆಟ್ಟೂ ಹೋಗುತ್ತದೆ. ಆಮೇಲೆ ಬೆಳಗಿನ ಐದು ಗಂಟೆಗೆ ಎದ್ದು ತಾನು ಮಾಡುವುದೇನು ಅನ್ನುವುದು ತಾತನಿಗೆ ತಿಳಿಯದು.

ಆರು ಗಂಟೆಗೆ ಸೊಸೆ ಚಹಾದ ಲೋಟ ಹಿಡಿದು ಬಂದಳು. ಒಂದು ಲೋಟ ಮಾವನಿಗೆ ಕೊಟ್ಟು, ಇನ್ನೊಂದನ್ನು ತಾನು ಹೀರುತ್ತ ಬಾನೆಟ್ಟು ಎತ್ತಿದಳು. ರೇಡಿಯೇಟರಿನ ಪಕ್ಕದಲ್ಲಿ, ಇಂಜಿನ್ನು ತಣಿಸುವ ಬಣ್ಣದ ನೀರಿನ ಪ್ಲಾಸ್ಟಿಕ್ ಬಾಟಲಿಯೊಂದಿದೆ. ಅದರ ಮೇಲೆ ಎರಡು ಗೆರೆ. ದಿನಾ ಬೆಳಿಗ್ಗೆ ಆ ಗೆರೆ ನೋಡದೆ ಅವಳು ಚಕ್ರ ಉರುಳಿಸಿದವಳಲ್ಲ.

"ಗೆರೆಗೆ ಗೆರೆ ಇದೆ ಮಾವ. ಇಷ್ಟು ದಿನದಲ್ಲಿ ಒಂದು ಕೂದಲಿನಷ್ಟೂ ಇಳಿದಿಲ್ಲ."

"ಹೂಂ. ಗಟ್ಟಿ ಜೀವ ಅದು."

"ಆದ್ರೆ ಬಣ್ಣ ಯಾಕೋ ತೆಳ್ಳಗಾಗಿದೆ. ಹಾಕಿಸಿದಾಗ ಗಿಳಿ ಹಸಿರು ಇತ್ತಲ್ವಾ ಕೂಲೆಂಟು?"

"ವಯಸ್ಸಾದ್ರೆ ಬಣ್ಣ ಹೋಗುತ್ತೆ. ನನ್ನ ತಲೆ ನೋಡು."

ಸೊಸೆ ನಕ್ಕಳು. ತಾತ ಚಹಾ ಕುಡಿದ. ಬಾಯಿ ಸುಟ್ಟಿತು, ಆದರೆ ಸುಟ್ಟಿತು ಅನ್ನಲಿಲ್ಲ.

ಅವಳ ಕೆಲಸ ಸುಲಭದ್ದಲ್ಲ. ವಾರಕ್ಕೆ ಆರು ದಿನ, ಆರೂವರೆಗೆ ಹೊರಟು, ಹೊಳೆಯ ಈ ದಡದ ನಾಲ್ಕು ಜನ ರೋಗಿಗಳನ್ನು ಮನೆಮನೆಯಿಂದ ಹತ್ತಿಸಿಕೊಂಡು ಆ ದಡದ ಡಯಾಲಿಸಿಸ್ ಕೇಂದ್ರ ಮುಟ್ಟಿಸಬೇಕು. ಅವರ ರಕ್ತ ಸೋಸಿ ಮುಗಿದ ಮೇಲೆ ಮತ್ತೆ ಮನೆಗೆ ಬಿಡಬೇಕು. ಇವತ್ತು ನಾಲ್ಕು ಜನ, ನಾಳೆ ಬೇರೆ ನಾಲ್ವರು. ತಡವಾಗಿ ಹೋದರೆ ಅಲ್ಲಿ ಯಂತ್ರ ಕಾಯುವುದಿಲ್ಲ. ಮುಂದಿನವರ ಸರದಿ ಬಂತೆಂದರೆ ನಡುವೆಯೇ ಎಬ್ಬಿಸುತ್ತಾರೆ, ಹೊರಗೆ ಹೋಗಬೇಕಾದ ನೀರು ಮೈಯಲ್ಲೇ ಉಳಿಯುತ್ತದೆ. ಸೇತುವೆಯ ರಿಪೇರಿ ಶುರುವಾಗಿ ಒಂದೇ ಸಾಲು ಬಿಡತೊಡಗಿದ ಮೇಲೆ ಹತ್ತು ನಿಮಿಷದ ದಾರಿಗೆ ಒಂದೂಕಾಲು ಗಂಟೆ. ಹೊಸ ಗಾಡಿಗಳೇ ಅಲ್ಲಿ ಬಾಯಿ ಬಿಟ್ಟು ನಿಲ್ಲುತ್ತಿದ್ದವು.

ತಾತ ಅವಳಿಗೆ ಎಲ್ಲ ಹೇಳಿಕೊಟ್ಟಿದ್ದ. ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಳ್ಳಬೇಡ. ಅಡಿ ಅಡಿ ತೆವಳುವ ಬದಲು ಹತ್ತು ಅಡಿ ಖಾಲಿಯಾಗಲಿ ಅಂತ ಕಾದು ಒಮ್ಮೆಗೇ ಹೋಗು. ನಿಂತಾಗ ನ್ಯೂಟ್ರಲ್ಲಿಗೆ ಹಾಕಿ ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಡು, ಪಂಪೂ ಫ್ಯಾನೂ ತಿರುಗುತ್ತಿರಲಿ. ಏಸಿ ಮುಟ್ಟಲೇಬೇಡ. ಬಿಸಿಯ ಮುಳ್ಳು ಅರ್ಧ ದಾಟಿತೋ, ಕಿಟಕಿ ಎಲ್ಲ ಇಳಿಸಿ ಹೀಟರ್ ಪೂರ್ತಿ ಹಾಕು. ಇಂಜಿನ್ನಿನ ಉರಿ ಒಳಗೆ ಬಂದು ಕಿಟಕಿಯಿಂದ ಆಚೆ ಹೋಗುತ್ತದೆ. ಬೇಸಿಗೆಯಲ್ಲಿ ಹೀಟರ್ ಹಾಕುವ ಹೆಂಗಸು ಅಂತ ರೋಗಿಗಳು ಮೊದಲು ಗೊಣಗಿದರು. ದಾರಿಯಲ್ಲಿ ಕೈಕೊಟ್ಟು ನಿಂತ ಬೇರೆ ಗಾಡಿಗಳನ್ನು ದಾಟಿಕೊಂಡು ಹೋದ ಮೇಲೆ ಅವರೇ ಹೊಗಳತೊಡಗಿದರು. ಸೊಸೆಗೆ ಅದರ ಬಗ್ಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ಜಗಳ ಎದ್ದದ್ದು ಒಂದು ಭಾನುವಾರ, ಊಟದ ಮೇಜಿನ ಮುಂದೆ.

ಮಗ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಡ್ರೈವರನ ಹೊಟ್ಟೆಯಲ್ಲಿ ಹುಟ್ಟಿದವನು, ಆದರೆ ವ್ಯಾನು ಹತ್ತಿದರೆ ವಾಂತಿ. ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುತ್ತಾನೆ. ಅವತ್ತು ಆಲೂಗಡ್ಡೆ ಬಡಿಸಿಕೊಳ್ಳುತ್ತಲೇ ಮಾತು ತೆಗೆದ.

"ನಮ್ಮ ಸ್ಟೋರಿನವನು ವ್ಯಾನ್ ಮಾರ್ತಿದಾನೆ. ನಾಲ್ಕೇ ವರ್ಷದ್ದು. ತಿಂಗಳಿಗಿಷ್ಟು ಅಂತ ಕೊಡ್ತಾ ಹೋದ್ರೆ ಆಯ್ತು ಅಂದ."

"ನಮ್ಮ ಗಾಡಿಗೇನಾಗಿದೆ ಈಗ?" ಅಂದಳು ಸೊಸೆ.

"ಇಪ್ಪತ್ತೈದು ವರ್ಷ ಆಗಿದೆ. ಅದಕ್ಕಿಂತ ಇನ್ನೇನಾಗಬೇಕು?"

"ನಿಮ್ಮಮ್ಮನಿಗೆ ಅರವತ್ತೆಂಟಾಯ್ತು. ಮಾರ್ತೀರಾ?"

"ನನ್ನನ್ನ ಯಾಕೆ ಎಳೀತೀಯೇ ಮಧ್ಯೆ," ಅಂದಳು ಅಜ್ಜಿ, ಬೀನ್ಸಿನ ಪಾತ್ರೆ ಮುಂದೆ ತಳ್ಳುತ್ತ. "ಗುಜರಿಯವನೂ ತಗೊಳ್ಳಲ್ಲ ನನ್ನ."

ಮಗ ನಗಲಿಲ್ಲ. "ನಾಲ್ಕು ಜನ ರೋಗಿಗಳು ಕಣೇ. ಸೇತುವೆ ಮೇಲೆ ಗಾಡಿ ನಿಂತ್ರೆ ಯಾರು ಹೊಣೆ? ಒಬ್ಬರಿಗೆ ಏನಾದ್ರೂ ಆದ್ರೆ ಯಾರ ಹೆಸರು ಹೇಳ್ತಾರೆ? ನಿನ್ನದು."

"ಆರು ವಾರದಿಂದ ಆ ನೂಕುನುಗ್ಗಲಲ್ಲಿ ಓಡಿಸ್ತಿದೀನಿ. ಒಂದು ದಿನ ನಿಂತಿದ್ಯಾ? ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನನ್ನ ಕಣ್ಣಾರೆ ನೋಡ್ತೀನಿ. ಒಂದು ಹನಿ ನೀರು ಕುಡಿಯಲ್ಲ ಅದು. ಒಂದೇ ಒಂದು ಹನಿ! ಬೇಕಾದ್ರೆ ಮಾವನ್ನ ಕೇಳಿ."

ಎಲ್ಲರೂ ತಾತನ ಕಡೆ ತಿರುಗಿದರು. ತಾತನ ಬಾಯಲ್ಲಿ ತುತ್ತಿತ್ತು. ಅದನ್ನು ಅಗತ್ಯಕ್ಕಿಂತ ಹೆಚ್ಚು ಅಗಿದು ನುಂಗಿದ.

"ಚೆನ್ನಾಗೇ ಇದೆ," ಅಂದ.

ಅಷ್ಟರಲ್ಲಿ ಮೊಮ್ಮಗಳು ತಟ್ಟೆಯಿಂದ ತಲೆಯೆತ್ತಿದಳು. ಹದಿನಾಲ್ಕು ವರ್ಷದ ಹುಡುಗಿ, ಯಾವ ಮಾತನ್ನೂ ಸುಮ್ಮನೆ ಬಿಡುವ ಜಾತಿಯಲ್ಲ. "ತಾತ, ಅಮ್ಮ ಹೇಳ್ತಿದ್ಲು, ಬಣ್ಣ ತೆಳ್ಳಗಾಗಿದೆ ಅಂತ. ನೀರು ಕಡಿಮೆ ಆಗ್ದೆ, ಹೊಸ ನೀರು ಹಾಕ್ದೆ, ಬಣ್ಣ ಹೇಗೆ ತೆಳ್ಳಗಾಗುತ್ತೆ?"

"ನಿನಗೇನು ಗೊತ್ತು ಗಾಡಿ ವಿಷಯ? ತಟ್ಟೆ ನೋಡ್ಕೊಂಡು ಊಟ ಮಾಡು!"

ತಾತ ಆ ಹುಡುಗಿಯ ಮೇಲೆ ಹುಟ್ಟಿದಾಗಿನಿಂದ ದನಿ ಎತ್ತಿದವನಲ್ಲ. ಅವಳ ಮುಖ ಕೆಂಪಾಯಿತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತೇ ಉಂಡಳು. ಸೊಸೆ ಗೆದ್ದವಳ ಹಾಗೆ ಎಲ್ಲರಿಗೂ ಇನ್ನೊಂದು ಸುತ್ತು ಬಡಿಸಿದಳು. ತನ್ನ ತಟ್ಟೆಗೆ ಬಿದ್ದದ್ದನ್ನು ತಾತ ಪಕ್ಕಕ್ಕೆ ಸರಿಸಿದ. ಅವಳು ಪಣಕ್ಕಿಟ್ಟದ್ದು ತನ್ನ ಮಾತನ್ನು. ಆ ಮಾತಿನ ತಳದಲ್ಲಿ ಇದ್ದದ್ದು ಅವನ ಸುಳ್ಳು.

ಮರುದಿನ ಗಡ್ಡ ತೆಗೆಸಿಕೊಂಡು ಬರುತ್ತೇನೆ ಅಂತ ಹೇಳಿ ತಾತ ಮೆಕ್ಯಾನಿಕ್ಕಿನ ಹತ್ತಿರ ಹೋದ. ಮೆಕ್ಯಾನಿಕ್ಕು ಬೇರೊಂದು ಗಾಡಿಯ ಕೆಳಗೆ ಮಲಗಿದ್ದ, ಕಾಲು ಮಾತ್ರ ಹೊರಗಿತ್ತು. ತಾತ ಆ ಕಾಲುಗಳಿಗೇ ಎಲ್ಲ ಹೇಳಿಕೊಂಡ.

"ಎರಡು ಲೀಟರಾ? ದಿನಕ್ಕಾ?" ಕಾಲುಗಳು ಸರಿದು ಇಡೀ ಮನುಷ್ಯ ಹೊರಬಂದ. "ಯಜಮಾನ್ರೇ, ನಿಮಗೆ ತಲೆ ಕೆಟ್ಟಿದ್ಯಾ? ಇವತ್ತೇ ತಂದು ಬಿಡಿ. ಹೆಡ್ಡು ಬಿಚ್ಚಬೇಕು. ಒಂದು ವಾರ ಹಿಡಿಯುತ್ತೆ."

"ಒಂದು ವಾರ ಗಾಡಿ ಮನೆ ಮುಂದೆ ಇಲ್ದಿದ್ರೆ ನನ್ನ ಮಗ ಆ ಜಾಗಕ್ಕೆ ಬೇರೆ ಗಾಡಿ ತಂದು ನಿಲ್ಲಿಸ್ತಾನೆ. ಸೇತುವೆ ಮುಗೀಲಿ. ಇನ್ನೊಂದು ತಿಂಗಳು."

"ಬಾಟಲಿ ನೋಡ್ತಾಳೆ ಅಂದ್ರಲ್ಲ ನಿಮ್ಮ ಸೊಸೆ? ಹಾಗಾದ್ರೆ ನಿಮ್ಮ ರೇಡಿಯೇಟರ್ ಮುಚ್ಚಳ ಕೆಟ್ಟಿದೆ, ಕಾದಾಗ ಬಾಟಲಿಗೆ ಒಂದಿಷ್ಟು ಉಗುಳುತ್ತೆ, ಅಲ್ಲಿಂದ ವಾಪಸ್ ಎಳ್ಕೊಳ್ಳೋದೇ ಇಲ್ಲ. ಇಂಜಿನ್ ಒಣಗಿದ್ರೂ ಬಾಟಲಿ ತುಂಬಿಕೊಂಡೇ ಇರುತ್ತೆ."

"ಗೊತ್ತು."

"ಇನ್ನೊಂದು ಗೊತ್ತಿರಲಿ. ನೀರು ಪೂರ್ತಿ ಇಳಿದುಹೋದ್ರೆ ಮುಳ್ಳು ಮೇಲೆ ಹೋಗಲ್ಲ, ಕೆಳಗೆ ಬೀಳುತ್ತೆ. ಮುಳ್ಳಿಗೆ ಬಿಸಿ ಮುಟ್ಟಿಸೋಕೆ ನೀರೇ ಇಲ್ವಲ್ಲ. ಹೀಟರ್ರೂ ತಣ್ಣಗೆ ಬೀಸುತ್ತೆ. ಪಾಪ ಆಯಮ್ಮ ತಣ್ಣಗಾಯ್ತು ಅಂದ್ಕೊಂಡು ಒತ್ತಿಕೊಂಡು ಹೋಗ್ತಾಳೆ. ಒಳಗೆ ಬೆಂಕಿ."

"ಅಲ್ಲಿ ತನಕ ಹೋಗಲ್ಲ. ನಾನು ದಿನಾ ಹಾಕ್ತೀನಲ್ಲ."

"ಒಂದು ದಿನ ನೀವು ಏಳ್ದಿದ್ರೆ?"

"ನಲವತ್ತು ವರ್ಷದಿಂದ ಐದು ಗಂಟೆಗೆ ಎದ್ದಿದೀನಿ," ಅಂದ ತಾತ. ಗಡ್ಡ ತೆಗೆಸಿಕೊಳ್ಳದೆಯೇ ಮನೆಗೆ ಬಂದದ್ದನ್ನು ಅಜ್ಜಿ ಗಮನಿಸಿದಳು, ಕೇಳಲಿಲ್ಲ.

ಅದಾದ ಎರಡನೆಯ ವಾರದ ಕೊನೆಗೆ ಅವನಿಗೆ ನೆಗಡಿ ಹಿಡಿಯಿತು. ಬೆಳಗಿನ ಜಾವದ ತಣ್ಣೀರಿನ ಕೆಲಸ, ಎಪ್ಪತ್ತೆರಡರ ಮೈ. ಒಂದು ಸಂಜೆ ಹಲ್ಲು ಕಟಕಟ ಅನ್ನುವಷ್ಟು ಜ್ವರ ಬಂತು. ಅಜ್ಜಿ ಮಾತ್ರೆ ನುಂಗಿಸಿ ಎರಡು ಕಂಬಳಿ ಹೊದಿಸಿದಳು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು.

"ಎಷ್ಟು ಗಂಟೆ?"

"ಏಳೂಕಾಲು. ಮಲಗಿ ರೀ, ಗಂಜಿ ತರ್ತೀನಿ."

"ವ್ಯಾನು?"

"ಹೋಗಿ ಮುಕ್ಕಾಲು ಗಂಟೆ ಆಯ್ತು."

ತಾತ ಕಂಬಳಿ ಒದ್ದು ಎದ್ದು ಕೂತ. "ನನ್ನ ಯಾಕೆ ಎಬ್ಬಿಸ್ಲಿಲ್ಲ?"

"ಒಂದು ದಿನ ತೊಳೀದೆ ಇದ್ರೆ ಗಾಡಿ ಮುನಿಸಿಕೊಳ್ಳುತ್ತಾ? ಎಬ್ಬಿಸಬೇಡಿ, ಮಲಗಲಿ ಅಂತ ಅವಳೇ ಅಂದ್ಲು. ಪಾಪ, ತಾನೇ ಒರೆಸ್ಕೊಂಡು ಹೋದ್ಲು."

"ಫೋನ್ ಮಾಡು ಅವಳಿಗೆ. ಈಗಲೇ ಮಾಡು!"

ಅಜ್ಜಿ ಮಾಡಿದಳು. ಕೊನೆಯವರೆಗೂ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಸೊಸೆ ಫೋನನ್ನು ಚೀಲದ ತಳಕ್ಕೆ ಹಾಕಿಬಿಡುತ್ತಾಳೆ. ಸ್ಟೇರಿಂಗ್ ಹಿಡಿದ ಕೈ ಬೇರೇನನ್ನೂ ಹಿಡಿಯಬಾರದು ಅಂತ ಮೂರು ವರ್ಷದ ಹಿಂದೆ ಕಟ್ಟುನಿಟ್ಟು ಮಾಡಿದವನು ತಾತನೇ.

ತಾತ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಕ್ಯಾನಿಗೆ ನೀರು ತುಂಬಿ ಹೊರಬಿದ್ದ. "ಜ್ವರ ಇಟ್ಕೊಂಡು ಎಲ್ಲಿಗೆ ರೀ? ನಿಮಗೇನು ಹಿಡಿದಿದೆ ಇವತ್ತು?" ಅಂತ ಅಜ್ಜಿ ಬಾಗಿಲ ತನಕ ಬಂದು ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಮುಖ್ಯರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಅವತ್ತು ಅದೊಂದೇ ಅವನ ಪಾಲಿನ ಪುಣ್ಯ. ಜ್ವರದಲ್ಲಿ ಕಾಲೆಳೆಯುವ ಮುದುಕ ಆ ರಸ್ತೆಯ ಅತಿ ವೇಗದ ವಾಹನವಾಗಿದ್ದ. ಕಾರುಗಳನ್ನು ದಾಟಿದ, ಲಾರಿಗಳನ್ನು ದಾಟಿದ. ಕ್ಯಾನಿನ ಹಿಡಿ ಬೆರಳು ಕತ್ತರಿಸುತ್ತಿತ್ತು. ಕೈ ಬದಲಿಸಿದ, ಮತ್ತೆ ಬದಲಿಸಿದ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದಿದ್ದ ಒಬ್ಬ, "ಹತ್ತಿ ತಾತ, ಸೇತುವೆ ದಾಟಿಸ್ತೀವಿ," ಅಂದ.

"ಹತ್ತಿದ್ರೆ ತಡ ಆಗುತ್ತೆ ಕಣಪ್ಪ," ಅಂದ ತಾತ. ಬಸ್ಸಿನಲ್ಲಿದ್ದವರು ಗೊಳ್ಳೆಂದರು. ಅವನು ತಮಾಷೆಗೆ ಅಂದದ್ದಲ್ಲ.

ಪ್ರತಿ ಬಿಳಿ ಗಾಡಿಯೂ ತಮ್ಮದೇ ಅಂತ ಕಾಣುತ್ತಿತ್ತು. ಕಣ್ಣಿನ ಪೊರೆಯ ಜೊತೆಗೆ ಜ್ವರದ ಮಬ್ಬು ಬೇರೆ. ಕಡೆಗೂ ಸೇತುವೆಯ ಬಾಯಿಗೆ ಇಪ್ಪತ್ತು ಗಾಡಿ ಹಿಂದೆ ವ್ಯಾನು ಸಿಕ್ಕಿತು. ಅವನಿಗೆ ಮೊದಲು ಸಿಕ್ಕಿದ್ದು ಗಾಡಿಯಲ್ಲ, ವಾಸನೆ. ಕಾದ ಕಬ್ಬಿಣದ, ಸುಟ್ಟ ಎಣ್ಣೆಯ ವಾಸನೆ. ತಾತ ಓಡಿದ. ಅದನ್ನು ಓಟ ಅನ್ನಬಹುದಾದರೆ.

ಗಾಡಿಯ ಬಾಗಿಲು ಬಡಿದ. ಸೊಸೆ ಬೆಚ್ಚಿಬಿದ್ದಳು. "ಮಾವ! ನೀವಿಲ್ಲಿ? ಮನೇಲಿ ಯಾರಿಗೇನಾಯ್ತು?"

"ಆಫ್ ಮಾಡು."

"ಏನಾಯ್ತು ಹೇಳಿ ಮೊದಲು. ಅತ್ತೆ…"

"ಅತ್ತೆ ಚೆನ್ನಾಗಿದಾಳೆ. ಗಾಡಿ ಆಫ್ ಮಾಡು ಅಂದೆ!"

"ಯಾಕೆ? ಎಲ್ಲಾ ಸರಿ ಇದೆ. ಆಗಲೇ ಮುಳ್ಳು ಮುಕ್ಕಾಲಿಗೆ ಹೋಗಿತ್ತು, ನೀವು ಹೇಳಿದ ಹಾಗೆ ಹೀಟರ್ ಹಾಕ್ದೆ. ನೋಡಿ ಈಗ, ಪೂರ್ತಿ ಕೆಳಗಿಳಿದಿದೆ. ಹೀಟರ್ರೂ ಎಷ್ಟು ತಣ್ಣಗೆ ಬೀಸ್ತಿದೆ, ಟೀಚರಮ್ಮನ್ನ ಕೇಳಿ."

"ಹೌದಪ್ಪಾ, ಇವತ್ತೇ ಸುಖ," ಅಂದರು ಹಿಂದಿನ ಸೀಟಿನ ಟೀಚರಮ್ಮ. ಅರವತ್ತು ದಾಟಿದ ಹೆಂಗಸು. ಮುಖ ಆಗಲೇ ಊದಿಕೊಂಡಿತ್ತು, ಮಡಿಲಲ್ಲಿ ಆಸ್ಪತ್ರೆಯ ಕಡತ. ಪಕ್ಕದಲ್ಲಿ ದರ್ಜಿ, ಹಿಂದೆ ಕ್ಷೌರಿಕನೂ ಒಬ್ಬ ರಿಟೈರಾದ ಗುಮಾಸ್ತನೂ. ನಾಲ್ಕೂ ಮುಖಗಳು ತಾತನನ್ನೇ ನೋಡುತ್ತಿದ್ದವು.

"ಅದರಲ್ಲಿ ನೀರಿಲ್ಲ ಕಣಮ್ಮ. ಅದಕ್ಕೇ ಇಳಿದಿರೋದು."

"ಗೆರೆಗೆ ಗೆರೆ ಇದೆ! ನಾನೇ ನೋಡ್ಕೊಂಡು ಬಂದಿದೀನಿ."

"ಬಾಟಲಿಯಲ್ಲಿದೆ. ಇಂಜಿನ್ನಿನಲ್ಲಿಲ್ಲ."

"ನಿಮಗೆ ಹೇಗೆ ಗೊತ್ತು?" ಅಂದವಳು ಅವನ ಕೈಯಲ್ಲಿದ್ದ ಕ್ಯಾನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಮತ್ತೇನೂ ಕೇಳದೆ ಕೀಲಿ ತಿರುಗಿಸಿದಳು. ತಿರುಗಿಸಿದ ಮೇಲೂ ಇಂಜಿನ್ನು ತಾನೇ ತಾನಾಗಿ ಎರಡು ಸಲ ಕೆಮ್ಮಿ ನಿಂತಿತು. ಬಾನೆಟ್ಟಿನ ಸಂದಿನಿಂದ ಸಣ್ಣಗೆ ಹೊಗೆ ಎದ್ದಿತು.

ಹಿಂದೆ ಹಾರನ್ನುಗಳು ಒಟ್ಟಿಗೇ ಅರಚಿದವು. "ತಂದಿದೀರಲ್ಲ, ಆ ನೀರು ಸುರಿದುಬಿಡಿ ಮತ್ತೆ," ಅಂದ ದರ್ಜಿ.

"ಈಗ ಸುರಿಯೋ ಹಾಗಿಲ್ಲ. ಇಷ್ಟು ಕಾದಿರೋದಕ್ಕೆ ತಣ್ಣೀರು ಬಿದ್ರೆ ಹೆಡ್ಡು ಸೀಳುತ್ತೆ. ಒಂದು ಗಂಟೆ ಆರಬೇಕು." ಅಷ್ಟು ದೂರ ಹೊತ್ತು ತಂದ ನೀರು ಹನಿಯಷ್ಟೂ ಪ್ರಯೋಜನಕ್ಕೆ ಬರಲಿಲ್ಲ.

ಸೊಸೆ ಕೆಳಗಿಳಿದು ಮುಂದಿನ ಗಾಡಿಗಳ ಕಿಟಕಿಗಳಲ್ಲಿ ಕೈಮುಗಿಯುತ್ತ ಹೋದಳು. ದರ್ಜಿ, ಗುಮಾಸ್ತರಿಗೆ ಬ್ರೆಡ್ಡು ಸಾಗಿಸುವ ಗಾಡಿಯಲ್ಲಿ ಜಾಗ ಸಿಕ್ಕಿತು. ಕ್ಷೌರಿಕ ಬೈಕೊಂದರ ಹಿಂದೆ ಕೂತ. ಟೀಚರಮ್ಮನಿಗೆ ಎತ್ತರದ ಗಾಡಿ ಹತ್ತಲಾಗದು, ಬೈಕಿನಲ್ಲಿ ಕೂರಲಾಗದು. ಕಾರೊಂದು ಒಪ್ಪಿಕೊಳ್ಳುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಹೋಗುವಾಗ ಆಕೆ ಯಾರನ್ನೂ ಬೈಯಲಿಲ್ಲ. ಕಿಟಕಿಯಿಂದ ಸೊಸೆಯ ಕೈ ಹಿಡಿದು ಬಿಟ್ಟರು, ಅಷ್ಟೇ.

ಸೊಸೆ ಮಾವನ ಹತ್ತಿರ ಬಂದಳು. "ಮನೆಗೆ ಹೋಗಿ. ಜ್ವರ ಇದೆ ನಿಮಗೆ," ಅಂದಳು. ಅವನ ಮುಖ ನೋಡಲಿಲ್ಲ.

ಸಂಜೆಗೆ ಸುದ್ದಿ ಬಂತು. ಟೀಚರಮ್ಮನಿಗೆ ನಾಲ್ಕು ಗಂಟೆ ಸಿಗಬೇಕಾದ ಯಂತ್ರ ಎರಡೂವರೆ ಗಂಟೆಯಷ್ಟೇ ಸಿಕ್ಕಿದೆ. ಮಧ್ಯಾಹ್ನ ಉಸಿರು ಕಟ್ಟಿ ಆಕೆಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡಿದ್ದಾರೆ. ಕೇಂದ್ರದವರು ಸೊಸೆಗೆ ಮೂರು ವಾರ ಗಡುವು ಕೊಟ್ಟರು: ನಂಬಬಹುದಾದ ಗಾಡಿ ತಂದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಬೇರೆಯವರದು.

ಊಟಕ್ಕೆ ಕೂತಾಗ ಮಗ ತಟ್ಟೆ ಮುಟ್ಟಲಿಲ್ಲ.

"ಒಂದು ಹನಿ ಕುಡಿಯಲ್ಲ ಅಂದಿದ್ದೆ ನೀನು. ಇದೇ ಮೇಜಿನ ಮುಂದೆ."

ಸೊಸೆ ನೀರಿನ ಲೋಟ ಅವನ ಕಡೆ ಸರಿಸಿದಳು.

"ದಿನಾ ಕಣ್ಣಾರೆ ನೋಡ್ತೀನಿ ಅಂದೆ. ಏನು ನೋಡ್ತಿದ್ದೆ? ಬಾಯಿ ಬಿಟ್ಟು ಹೇಳು. ಆ ಹೆಂಗಸಿಗೆ ಏನಾದ್ರೂ ಆಗಿದ್ರೆ?"

"ಇವತ್ತು ಸರಿಯಾಗಿ ನೋಡ್ಲಿಲ್ಲ. ನನ್ನದೇ ತಪ್ಪು," ಅಂದಳು ಸೊಸೆ, ತಟ್ಟೆಯನ್ನೇ ನೋಡುತ್ತ.

ತಾತನಿಗೆ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕಂಬಳಿ ಹೊದ್ದೇ ಎದ್ದು ನಿಂತ.

"ಅವಳದಲ್ಲ. ಎರಡು ತಿಂಗಳಿಂದ ಗಾಡಿ ನೀರು ಕುಡೀತಿದೆ. ದಿನಾ ಬೆಳಿಗ್ಗೆ ಕದ್ದು ನಾನು ತುಂಬಿಸ್ತಿದ್ದೆ. ಇವತ್ತು ಎಚ್ಚರ ಆಗ್ಲಿಲ್ಲ."

ಅಜ್ಜಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಯಾಕಪ್ಪ?" ಅಂದ ಮಗ. ಅವನ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

"ಮಾರಿಬಿಡ್ತೀಯ ಅಂತ."

ಆಗ ಸೊಸೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಇಡೀ ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ಬಂತು. "ಮಾರ್ತಾರೆ ಅಂತ ಇವರ ಕಣ್ಣಿಗೆ ಮಣ್ಣೆರಚಿದ್ರಿ, ಆಯ್ತು. ನನ್ನ ಕಣ್ಣಿಗೂ ಯಾಕೆ? ಗಾಡಿ ಹತ್ತೋದು ನಾನು. ಆ ನಾಲ್ಕು ಜೀವ ಕೂರೋದು ನನ್ನ ಬೆನ್ನ ಹಿಂದೆ. ಎಷ್ಟು ಚೆನ್ನಾಗಿ ಓಡಿಸ್ತೀಯಮ್ಮ, ಎಲ್ಲರ ಗಾಡಿ ನಿಂತ್ರೂ ನಿನ್ನದು ನಿಲ್ಲಲ್ಲ ಅಂತ ಅವರು ಹೇಳಿದಾಗೆಲ್ಲ ನಾನು ಉಬ್ಬಿ ಹೋಗ್ತಿದ್ದೆ. ನಾನು ಓಡಿಸ್ತಿದೀನಿ ಅಂದ್ಕೊಂಡಿದ್ದೆ ಮಾವ! ಓಡಿಸ್ತಿದ್ದದ್ದು ನಿಮ್ಮ ಕಳ್ಳ ನೀರು!"

ಅವಳು ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ, ಯಾರಿಗೂ ಆ ಅಧಿಕಾರ ಇದೆ ಅಂತ ಅನ್ನಿಸಲಿಲ್ಲ. ಬಡಿಸಿದ ಊಟ ತಟ್ಟೆಯಲ್ಲೇ ಆರಿತು.

ಮುಂದಿನ ಎರಡು ವಾರ ಗಾಡಿ ಮೆಕ್ಯಾನಿಕ್ಕಿನ ಹತ್ತಿರವಿತ್ತು. ಸೊಸೆ ಬೇರೊಬ್ಬರ ಗಾಡಿ ಬಾಡಿಗೆಗೆ ಹಿಡಿದು ರೋಗಿಗಳನ್ನು ಸಾಗಿಸಿದಳು. ಟೀಚರಮ್ಮ ಮೂರನೆಯ ದಿನ ಮನೆಗೆ ಬಂದು, ಅದರ ಮಾರನೆಯ ದಿನ ಆ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು. ಮನೆಯಲ್ಲಿ ಸೊಸೆ ಮಾವನಿಗೆ ಚಹಾ ಕೊಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಅಂಗಿ ಇಸ್ತ್ರಿ ಮಾಡಿ ಇಡುತ್ತಿದ್ದಳು. ಮಾತು ಮಾತ್ರ ಕೊಡುತ್ತಿರಲಿಲ್ಲ. ತಾತ ಬೆಳಗಿನ ಐದಕ್ಕೆ ಎದ್ದು, ಖಾಲಿ ಜಾಗ ನೋಡಿ, ಮತ್ತೆ ಬಂದು ಮಲಗುತ್ತಿದ್ದ. ಒಂದು ದಿನ ಮೊಮ್ಮಗಳನ್ನು ಕರೆದು, "ನಿನ್ನ ಲೆಕ್ಕ ಸರಿಯಾಗಿತ್ತು ಕಣೇ. ನಾನು ಬೈದದ್ದು ತಪ್ಪು," ಅಂದ. "ಗೊತ್ತು ತಾತ," ಅಂದಳು ಹುಡುಗಿ, ಸಲೀಸಾಗಿ. ಅವಳ ಜೊತೆಗಿನ ಲೆಕ್ಕ ಅಷ್ಟರಲ್ಲೇ ಮುಗಿಯಿತು. ಸೊಸೆಯದು ಹಾಗೆ ಮುಗಿಯುವಂಥದ್ದಲ್ಲ.

ಹೊಸ ಗ್ಯಾಸ್ಕೆಟ್ಟು, ಹೊಸ ಮುಚ್ಚಳ, ಹೊಸ ಕೂಲೆಂಟಿನೊಂದಿಗೆ ಗಾಡಿ ವಾಪಸ್ಸು ಬಂತು. ಹೆಡ್ಡನ್ನು ಸಾಣೆ ಹಿಡಿದು ಮಟ್ಟ ಮಾಡಿದ್ದೇನೆ, ಓಡುತ್ತೆ ಅಂದ ಮೆಕ್ಯಾನಿಕ್ಕು. ವ್ಯಾನು ಮಾರುತ್ತಿರುವ ಸ್ಟೋರಿನವನಿಗೆ ನಾಳೆಯೊಳಗೆ ಉತ್ತರ ಹೇಳಬೇಕು ಅಂದ ಮಗ. ಸಂಜೆ ಸೊಸೆ ಹೊರಗೆ ಬಂದು ತಾತನ ಮುಂದೆ ಕೀಲಿ ಹಿಡಿದಳು.

"ಮೆಕ್ಯಾನಿಕ್ಕಿಗೆ ಅವರ ಕೆಲಸದ ಮೇಲೆ ಅಭಿಮಾನ. ಇವರಿಗೆ ಭಯ. ಗಾಡಿಯ ಒಳಗು ಹೊರಗು ಗೊತ್ತಿರೋರು ನೀವೊಬ್ಬರೇ. ನೋಡಿ ಹೇಳಿ. ಆ ನಾಲ್ಕು ಜನರನ್ನ ಇದರಲ್ಲಿ ಕೂರಿಸಬಹುದಾ?"

"ನನ್ನ ಮಾತು ನಂಬ್ತೀಯಾ?"

"ನಾಳೆಯಿಂದ ನಂಬಬೇಕಾ ಬೇಡವಾ ಅಂತ ಇವತ್ತು ಗೊತ್ತಾಗುತ್ತೆ."

ತಾತ ಬಾನೆಟ್ಟು ಎತ್ತಿ ಇಂಜಿನ್ನು ಚಾಲೂ ಮಾಡಿದ. ಒಂದೇ ಎಳೆತಕ್ಕೆ ಹಿಡಿದುಕೊಂಡಿತು. ಬಿಳಿ ಹೊಗೆಯಿಲ್ಲ, ಮುಳ್ಳು ಅರ್ಧದಲ್ಲಿ ಅಲುಗದೆ ನಿಂತಿತ್ತು. ಅವನು ಕುರ್ಚಿ ತರಿಸಿ ಅದರ ಮುಂದೆ ಒಂದು ಗಂಟೆ ಕೂತ. ನಲವತ್ತು ನಿಮಿಷವಾದ ಮೇಲೆ, ಬಿಸಿಯೇರಿದ ಇಂಜಿನ್ನಿನ ಸದ್ದಿನ ತಳದಲ್ಲಿ, ಒಂದು ಸಣ್ಣ ಟಿಕ್ ಟಿಕ್ ಕೇಳಿಸಿತು. ನಿಂತು, ಬಗ್ಗಿ, ಕಿವಿಯಿಟ್ಟ. ಕೇಳಿಸುವುದು ನಿಂತಿತು. ಮತ್ತೆ ಕೇಳಿಸಿತು. ಅಕ್ಕಪಕ್ಕದಲ್ಲಿ ಯಾರು ನಿಂತಿದ್ದರೂ ಆ ಸದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಮೆಕ್ಯಾನಿಕ್ಕಿಗೇ ಬಿದ್ದಿಲ್ಲ. ಓಡುತ್ತೆ ಅಂದರೆ ನಾಳೆ ಓಡುತ್ತದೆ, ನಾಡಿದ್ದೂ ಓಡುತ್ತದೆ, ಬಹುಶಃ ವರ್ಷವೇ ಓಡೀತು.

ಕತ್ತಲಾಗುವ ಮುಂಚೆ ಸೊಸೆ ಬಂದು ಪಕ್ಕದಲ್ಲಿ ನಿಂತಳು.

"ಒಳಗೆ ಎಲ್ಲೋ ಪೆಟ್ಟು ಬಿದ್ದಿದೆ," ಅಂದ ತಾತ. "ಇವತ್ತು ಓಡುತ್ತೆ. ಯಾವತ್ತು ಕೈಕೊಡುತ್ತೆ ಅಂತ ನನಗೂ ಗೊತ್ತಾಗಲ್ಲ. ಕೂರಿಸಬೇಡಮ್ಮ ಅವರನ್ನ. ಮಾರಿಬಿಡು."

ಸೊಸೆ ಕೈ ಒಳಗೆ ಚಾಚಿ ಕೀಲಿ ತಿರುಗಿಸಿದಳು. ಇಂಜಿನ್ನು ನಿಂತಿತು. ಅವಳ ಕಣ್ಣು ತುಂಬಿತ್ತು. ಅವಳು ಗೇರು ಹಾಕಲು ಕಲಿತದ್ದು, ಊರಿನ ಮುಂದೆ ತಲೆಯೆತ್ತಿ ಓಡಾಡಿದ್ದು ಇದೇ ಗಾಡಿಯಲ್ಲಿ.

"ಓಡುತ್ತೆ ಅಂತೀರಿ ಅಂದ್ಕೊಂಡಿದ್ದೆ," ಅಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮ," ಅಂದ ತಾತ.